ಎರಡನೇ ಕಾರ್ಡಿನ ಗಂಟೆ

ಒಂದು ಕಂಪ್ಯೂಟರಿಗೆ ಎರಡು ಸೌಂಡ್ ಕಾರ್ಡ್ ಯಾಕೆ ಎಂದು ಹೆಂಡತಿ ಕೇಳಿದಾಗ ನನಗೆ ಸಿಟ್ಟು ಬಂತು. ಸಿಟ್ಟು ಬರುವಂಥ ಪ್ರಶ್ನೆಯೇನೂ ಅಲ್ಲ ಅದು. ಆದರೆ ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹೇಳಲಿರುವುದರಲ್ಲಿ ಅರ್ಧಕ್ಕರ್ಧ ಅದರಿಂದಲೇ ಆದದ್ದು.

“ಕಟ್ಕಂಡ ಎಂಡ್ರು ಒಬ್ಳು ಮಾತಾಡುದ್ರೇ ಕೇಳುಸ್ಕಳಕ್ಕೆ ಪುರ್ಸೊತ್ತಿಲ್ಲ. ಈ ಡಬ್ಬಕ್ಕೆ ಎಲ್ಡೆಲ್ಡು ಬಾಯಿ ಮಾಡುಸ್ತಾವ್ರೆ” ಎಂದು ಅವಳು ಹೊಲಿಗೆ ಮೆಷಿನ್ನಿನ ಮುಂದೆ ಕೂತು ಗೋಡೆಗೆ ಹೇಳಿದಳು. ಕುದೇರಿನವಳು. ಮಾತು ಕಡಿಮೆ, ಆಡಿದ್ದು ನಾಟುತ್ತದೆ.

ಉತ್ತರ ಕೊಡುವುದಾದರೆ ಹೀಗೆ. ವಿಂಡೋಸ್ ಬರುವ ಮುಂಚಿನ ಡಾಸ್ ಕಾಲದ ಕಂಪ್ಯೂಟರ್ ಆಟಗಳಲ್ಲಿ ಸದ್ದು ಎರಡು ಬಗೆಯದು. ಹೆಜ್ಜೆ, ಬಾಗಿಲು ಕಿರುಗುಟ್ಟುವುದು, ಕತ್ತಿಗೆ ಕತ್ತಿ ತಾಕುವುದು, ಯಾರೋ ಕಿರುಚುವುದು, ಇವೆಲ್ಲ ಒಂದು ಬಗೆ. ಹಿಂದಿನಿಂದ ಬರುತ್ತಲೇ ಇರುವ ಸಂಗೀತ ಇನ್ನೊಂದು ಬಗೆ. ಮೊದಲ ಬಗೆಯನ್ನು ಚೆನ್ನಾಗಿ ನುಡಿಸುತ್ತಿದ್ದ ಕಾರ್ಡು ಸಂಗೀತವನ್ನು ಮಾತ್ರ ಹಾಳು ಮಾಡುತ್ತಿತ್ತು; ತೆರೆದರೆ ಹಾಡುವ ಗ್ರೀಟಿಂಗ್ ಕಾರ್ಡುಗಳು ಬರುತ್ತಿದ್ದವಲ್ಲ, ಆ ಥರ ಕೇಳುತ್ತಿತ್ತು. ನಿಜವಾದ ವಾದ್ಯಗಳ ದನಿಯನ್ನು ತನ್ನ ಎಲೆಕ್ಟ್ರಾನಿಕ್ ಚಿಪ್ಪಿನೊಳಗೆ ತುಂಬಿಕೊಂಡಿದ್ದ ಬೇರೊಂದು ಜಾತಿಯ ಕಾರ್ಡು ಇತ್ತು. ಅದು ಸಂಗೀತಕ್ಕೆಂದೇ ಹುಟ್ಟಿದ್ದು, ಆದರೆ ಎಷ್ಟೋ ಆಟಗಳಲ್ಲಿ ಅದರಿಂದ ಒಂದು ಹೆಜ್ಜೆ ಸದ್ದೂ ಹೊರಡುತ್ತಿರಲಿಲ್ಲ. ಆಟ ಶುರುವಾಗುವ ಮುಂಚಿನ ಸೆಟಪ್ಪಿನಲ್ಲಿ ಸಂಗೀತಕ್ಕೆ ಯಾವ ಕಾರ್ಡು, ಸದ್ದಿಗೆ ಯಾವ ಕಾರ್ಡು ಎಂದು ಬೇರೆ ಬೇರೆಯಾಗಿಯೇ ಕೇಳುತ್ತಾರೆ. ಎರಡೂ ಇದ್ದವರು ಎರಡನ್ನೂ ಹಾಕಿಕೊಂಡು ರಾಜರ ಹಾಗೆ ಆಡುತ್ತಿದ್ದರು. ಅಂಥ ಒಬ್ಬರನ್ನು ಮಾತ್ರ ನಾನು ನೋಡಿದ್ದೆ.

ಅವರು ಗುಂಡ್ಲುಪೇಟೆಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ಮಲಯಾಳಿ. ನಾವು ಕಲಿಯಲು ಹೋಗುತ್ತಿದ್ದವರು ಅವರನ್ನು ಅವರ ಭಾಷೆಯಲ್ಲೇ ಮಾಷ್, ಎಂದರೆ ಮೇಷ್ಟ್ರು, ಎನ್ನುತ್ತಿದ್ದೆವು. ಅವರ ತಮ್ಮ ಗಲ್ಫಿನಲ್ಲಿದ್ದ. ಎರಡನೇ ಕಾರ್ಡು ಬಂದದ್ದು ಅಲ್ಲಿಂದ. ಶನಿವಾರ ಪಾಠ ಮುಗಿದ ಮೇಲೆ ಮಾಷ್ ತಮ್ಮ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದು ನಮ್ಮನ್ನು ಒಂದು ಗಂಟೆ ಆಡಲು ಬಿಡುತ್ತಿದ್ದರು. ಆಟದಲ್ಲಿ ನೆಲದಡಿಯ ಒಂದು ಊರು. ಕೈಯಲ್ಲಿ ದೀಪ ಹಿಡಿದು ಒಬ್ಬನೇ ತಿರುಗಬೇಕು. ಇಳಿಜಾರು ಮುಗಿದು ಒಂದು ದೊಡ್ಡ ಹಜಾರಕ್ಕೆ ಬಂದ ಕೂಡಲೇ ಸಂಗೀತ ಬದಲಾಗುತ್ತದೆ. ಕೆಳಗೆ ಏನೋ ಒಂದು ದಪ್ಪಗೆ ಗುಂಯ್ ಎನ್ನುತ್ತಿರುತ್ತದೆ, ಅದರ ಮೇಲೆ ಸಣ್ಣ ಸಣ್ಣ ಗಂಟೆಗಳು, ಒಂದೊಂದೇ, ಬಿಟ್ಟು ಬಿಟ್ಟು. ಅದನ್ನು ಮೊದಲ ಸಲ ಕೇಳಿದಾಗ ನಾನು ಕೀಲಿಗಳ ಮೇಲಿಂದ ಕೈ ತೆಗೆದಿದ್ದೆ. ಆಟದೊಳಗೆ ಯಾರೋ ಬಂದು ನನ್ನನ್ನು ಕೊಂದು ಹೋದರು, ಜೊತೆಯವರು ನಕ್ಕರು. ನನಗೆ ಆ ಗಂಟೆಗಳು ಬೇಕಿದ್ದವು, ಅಷ್ಟೇ.

ಆಮೇಲೆ ಬದುಕು ನನ್ನನ್ನು ಕಂಪ್ಯೂಟರಿನಿಂದ ಕಲ್ಲಿಗೆ ತಂದಿತು. ಬದನಗುಪ್ಪೆಯಲ್ಲಿ ಕರಿಕಲ್ಲು ಕುಯ್ದು ಪಾಲಿಶ್ ಮಾಡುವ ಒಂದು ಫ್ಯಾಕ್ಟರಿಯಲ್ಲಿ ಸೇರಿಕೊಂಡೆ. ಚಾಮರಾಜನಗರದಲ್ಲಿ ಮನೆ ಮಾಡಿದೆ. ಮೊದಲು ಗರಗಸದ ಹತ್ತಿರ ನಿಂತೆ. ಅಲ್ಲಿಂದ ನನ್ನನ್ನು ಕಲ್ಲು ನೋಡುವ ಕೆಲಸಕ್ಕೆ ಹಾಕಿದರು. ನೋಡುವುದು ಎನ್ನುತ್ತಾರೆ, ನಿಜಕ್ಕೂ ಅದು ಕೇಳುವ ಕೆಲಸ. ಕ್ವಾರಿಯಿಂದ ಲಾರಿಯಲ್ಲಿ ಬಂದ ದಿಮ್ಮಿಯನ್ನು ಸುತ್ತಿಗೆಯಿಂದ ಬಡಿಯಬೇಕು. ಒಳಗೆ ಬಿರುಕಿಲ್ಲದ ಕಲ್ಲು ಕಂಚಿನ ಹಾಗೆ ನುಡಿಯುತ್ತದೆ. ಬಿರುಕಿದ್ದರೆ ದನಿ ಮಂಕು, ಒಡೆದ ಮಡಕೆಯನ್ನು ತಟ್ಟಿದ ಹಾಗೆ. ಮಂಕು ಎಂದು ನಾನು ಹೇಳಿದರೆ ಆ ಕಲ್ಲು ವಾಪಸ್. ಮೇಲೆ ಕೇಳುವವರಿಲ್ಲ. ಮ್ಯಾನೇಜರ್ ಕೂಡ “ಕಿವಿ ಏನಂತದೆ?” ಎಂದೇ ನನ್ನನ್ನು ಕೇಳುತ್ತಿದ್ದರು, ನಾನೇ ಕಿವಿ ಎಂಬಂತೆ. ನನಗೂ ಅದು ಹಿಡಿಸಿತ್ತು, ಸುಳ್ಳು ಯಾಕೆ ಹೇಳಲಿ.

ಕಿವಿಗೆ ಹಾಕಿಕೊಳ್ಳಲು ರಬ್ಬರ್ ಬಿರಡೆಗಳನ್ನು ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಕೊಟ್ಟಿದ್ದರು. ಗರಗಸ, ಪಾಲಿಶ್ ಮೆಷಿನ್, ಗಾಳಿಯ ಕಂಪ್ರೆಸರ್ ಇಡೀ ದಿನ ಅರಚುವ ಜಾಗ ಅದು. ನಾನು ಹಾಕಿಕೊಳ್ಳಲಿಲ್ಲ. ಕಿವಿ ಮುಚ್ಚಿಕೊಂಡವನು ಕಲ್ಲಿನ ದನಿ ಏನು ಕೇಳಿಯಾನು ಎಂದು ಹಂಗಿಸಿದೆ. ನಮ್ಮ ಕೆಲಸದಲ್ಲಿದ್ದ ಹಳಬರು ಯಾರೂ ಹಾಕಿಕೊಳ್ಳುತ್ತಿರಲಿಲ್ಲ. ಹಾಕಿಕೊಂಡರೆ ಕಿವಿಯ ಮೇಲೆ ನಂಬಿಕೆ ಇಲ್ಲವೆಂದು ಅರ್ಥ ಎಂಬುದು ನಮ್ಮ ನಮ್ಮೊಳಗಿನ ಲೆಕ್ಕ.

ಹೆಂಡತಿ ಕೇಳಿದ ಆ ಕಂಪ್ಯೂಟರ್ ಸಿಕ್ಕಿದ ತಿಂಗಳಲ್ಲೇ ಇನ್ನೊಂದು ಜಗಳವೂ ಆಯಿತು. ಎರಡಕ್ಕೂ ಸಂಬಂಧವಿದೆ ಎಂದು ಆಗ ನನಗೆ ತಿಳಿದಿರಲಿಲ್ಲ. ಬೇಗೂರಿನ ಕಡೆಯ ಒಬ್ಬ ಯಜಮಾನರು ಇಪ್ಪತ್ತು ವರ್ಷದಿಂದ ನಮಗೆ ಕಲ್ಲು ತರುತ್ತಿದ್ದರು. ಸಣ್ಣ ಕ್ವಾರಿ, ತಾವೇ ನಿಂತು ಕಲ್ಲು ಎಬ್ಬಿಸುವವರು. ಅವರ ಕಲ್ಲು ಎಂದರೆ ನಾನು ಒಂದೇ ಏಟು ಹಾಕಿ ಒಳಕ್ಕೆ ಬಿಡುತ್ತಿದ್ದೆ. ಎಲ್ಲರ ಕಲ್ಲೂ ಮುಂಚಿಗಿಂತ ಹೆಚ್ಚು ವಾಪಸಾಗುತ್ತಿತ್ತು, ಕಲ್ಲೇ ಕೆಟ್ಟಿದೆ ಎಂದುಕೊಂಡಿದ್ದೆ; ಆದರೆ ಅಂಥವರ ದಿಮ್ಮಿಗಳೂ ಹಿಂದಿನ ಕೆಲವು ತಿಂಗಳಿಂದ ಮಂಕಾಗಿ ಕೇಳತೊಡಗಿದ್ದವು. ಒಂದನ್ನು ವಾಪಸ್ ಕಳಿಸಿದೆ. ಇನ್ನೊಂದನ್ನು ಕಳಿಸಿದೆ. ಮೂರನೆಯದು ಬಂದಾಗ ಸುತ್ತಿಗೆ ಎಸೆದು ಕೂಗಾಡಿಬಿಟ್ಟೆ.

“ಏನ್ ಯಜಮಾನ್ರೇ, ಬಿರ್ಕ್ ಕಲ್ಲು ತಂದು ತಂದು ನಮ್ಮ ತಲೆಗ್ ಕಟ್ಟಕ್ ನೋಡ್ತಿದ್ದೀರಲ್ಲ, ವಯಸ್ಸಾದ್ ಮ್ಯಾಲೆ ಇದೆಲ್ಲಾ ಯಾಕ್ ಕಲ್ತ್ರಿ?” ಎಂದೆ. ಲೋಡಿಂಗಿನವರು, ಕ್ರೇನಿನವನು, ಲಾರಿ ಡ್ರೈವರು, ಮ್ಯಾನೇಜರು ಎಲ್ಲರೂ ನಿಂತಿದ್ದರು.

ಅವರು ನನ್ನ ಮುಖವನ್ನೇ ನೋಡಿದರು. ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. “ಆಗ್ಲಿ ಕಣಪ್ಪ. ಬಿದ್ದಿರ್ಲಿ ಅದು ಇಲ್ಲೇ” ಎಂದು ಲಾರಿ ಹತ್ತಿ ಹೋದರು. ಅವತ್ತಿನಿಂದ ಅವರ ಲಾರಿ ನಮ್ಮ ಗೇಟಿಗೆ ಬರಲಿಲ್ಲ. ಬಿರುಕು ಕಲ್ಲಿನವರು ಎಂಬ ಹೆಸರು ಅವರಿಗೆ ಬದನಗುಪ್ಪೆಯಲ್ಲೆಲ್ಲ ಅಂಟಿಕೊಂಡಿತು. ಬೇರೆ ಫ್ಯಾಕ್ಟರಿಯವರೂ ಅವರ ಕಲ್ಲನ್ನು ಎರಡೆರಡು ಸಲ ಬಡಿದು ನೋಡತೊಡಗಿದರು ಎಂದು ಡ್ರೈವರೊಬ್ಬ ಹೇಳಿದ. ಸರಿಯಾಯಿತು ಎಂದುಕೊಂಡೆ.

ಇನ್ನು ಕಂಪ್ಯೂಟರು. ಚಾಮರಾಜನಗರದ ಗುಜರಿ ಅಂಗಡಿಯೊಂದರಲ್ಲಿ, ಹಳೆ ಫ್ಯಾನುಗಳ ಅಡಿಯಲ್ಲಿ ಅದು ಕೂತಿತ್ತು. ಯಾವುದೋ ವೇಬ್ರಿಡ್ಜಿನ ಆಫೀಸಿನಲ್ಲಿ ಲಾರಿ ತೂಗುತ್ತಾ ವಯಸ್ಸು ಕಳೆದದ್ದು. ಬಿಳಿ ಡಬ್ಬ ಹಲ್ಲಿನ ಹಾಗೆ ಹಳದಿಯಾಗಿತ್ತು. ಬಿಚ್ಚಿ ನೋಡಿದರೆ ಉದ್ದನೆಯ ಕಪ್ಪು ಸ್ಲಾಟುಗಳು, ಹಳೆ ಕಾರ್ಡು ಕೂರುವಂಥವು. ಮಾಷ್ ಅವರ ಸೆಂಟರಿನ ಶನಿವಾರಗಳೆಲ್ಲ ಒಟ್ಟಿಗೇ ನೆನಪಾಗಿ ನಾನು ಅದನ್ನು ಹೊತ್ತು ತಂದೆ. ಮೊದಲ ಕಾರ್ಡು ಅದರೊಳಗೇ ಇತ್ತು. ಲಾರಿ ತೂಗುವ ಕಂಪ್ಯೂಟರಿನಲ್ಲಿ ಅದನ್ನು ಯಾರು ಯಾಕೆ ಹಾಕಿಸಿಕೊಂಡಿದ್ದರೋ, ಕೆಲಸದ ನಡುವೆ ಅವರೂ ಏನನ್ನೋ ಆಡುತ್ತಿದ್ದಿರಬೇಕು. ಎರಡನೆಯದನ್ನು ಕೊಯಮತ್ತೂರಿನ ಒಬ್ಬರಿಂದ ತರಿಸಿದೆ. ಹಳೆ ಭಾಗಗಳನ್ನು ಹುಡುಕಿ ಮಾರುವವರು, ಫೋನಿನಲ್ಲಿ ಮಾತ್ರ ಪರಿಚಯ.

ಎರಡು ಕಾರ್ಡನ್ನು ಒಂದು ಕಂಪ್ಯೂಟರಿನಲ್ಲಿ ಕೂರಿಸುವುದು ಎರಡು ಸೊಸೆಯರನ್ನು ಒಂದು ಒಲೆಯ ಮುಂದೆ ಕೂರಿಸಿದ ಹಾಗೆ ಎಂದು ಹೆಂಡತಿಗೆ ಹೇಳಲು ಹೋಗಿ ಬೈಸಿಕೊಂಡೆ. ವಿಷಯ ಇಷ್ಟೇ. ಪ್ರೊಸೆಸರನ್ನು ಕೂಗಿ ಕರೆಯಲು ಪ್ರತಿ ಕಾರ್ಡಿಗೂ ಒಂದು ನಂಬರು ಬೇಕು. ಎರಡೂ ಐದನೇ ನಂಬರಿನಲ್ಲೇ ಕರೆದರೆ ಅದು ಯಾರಿಗೆ ಓಗೊಡಬೇಕು ತಿಳಿಯದೆ ನಿಂತಲ್ಲೇ ನಿಂತುಬಿಡುತ್ತದೆ. ನಂಬರು ಬದಲಿಸಬೇಕೆಂದರೆ ಕಾರ್ಡಿನ ಮೇಲೆ ಮುಳ್ಳಿನಂಥ ತಂತಿಗಳಿರುತ್ತವೆ, ಅವುಗಳ ಮೇಲೆ ಅಕ್ಕಿ ಕಾಳಿನಷ್ಟು ಟೋಪಿ. ಅದಕ್ಕೆ ಜಂಪರ್ ಎನ್ನುತ್ತಾರೆ. ನನ್ನ ಬೆರಳುಗಳು ಕಲ್ಲಿಗೆ ಒಗ್ಗಿದ ಬೆರಳುಗಳು. ಒಂದು ಜಂಪರ್ ನೆಲಕ್ಕೆ ಬಿದ್ದು ಬ್ಲೌಸಿನ ತುಂಡುಗಳ ನಡುವೆ ಸೇರಿಹೋಯಿತು. ಹೆಂಡತಿ ಸೂಜಿ ಹುಡುಕುವ ಅಯಸ್ಕಾಂತ ಹಿಡಿದು ಹುಡುಕಿದಳು. ಪ್ಲಾಸ್ಟಿಕ್ ಅಯಸ್ಕಾಂತಕ್ಕೆ ಅಂಟುತ್ತದೆಯೇ ಎಂದು ರೇಗಿದೆ. ಅಷ್ಟರಲ್ಲಿ ಅವಳು ಕೈಯಿಂದಲೇ ಹುಡುಕಿ ಕೊಟ್ಟಳು. ಐದು ಮೊದಲನೆಯದಕ್ಕೆ, ಏಳು ಎರಡನೆಯದಕ್ಕೆ. ಏಳು ನಿಜವಾಗಿ ಪ್ರಿಂಟರಿನದು. ನನಗೆ ಪ್ರಿಂಟರ್ ಇಲ್ಲ, ಕಿತ್ತುಕೊಂಡು ಕೊಟ್ಟೆ. ಎರಡನೇ ಕಾರ್ಡಿನ ಸದ್ದನ್ನು ಒಂದು ವೈರಿನಲ್ಲಿ ಮೊದಲನೆಯದಕ್ಕೆ ತಂದು, ಎರಡೂ ಸೇರಿ ಒಂದೇ ಜೊತೆ ಸ್ಪೀಕರಿನಲ್ಲಿ ಬರುವಂತೆ ಮಾಡಿದೆ. ಇಷ್ಟಕ್ಕೆ ಮೂರು ಭಾನುವಾರ ಹಿಡಿದವು.

ನಾಲ್ಕನೇ ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಮಾಷ್ ಆಡಿಸುತ್ತಿದ್ದ ಅದೇ ಆಟ ಹಾಕಿದೆ. ದೀಪ ಹಿಡಿದು ನಡೆದೆ. ಹೆಜ್ಜೆ ಕೇಳಿಸಿತು, ಬಾಗಿಲು ಕಿರುಗುಟ್ಟಿತು. ಇಳಿಜಾರು ಇಳಿದೆ. ಹಜಾರ ಬಂತು. ಗುಂಯ್ ಎನ್ನುವ ದಪ್ಪ ದನಿ ಎದೆಗೇ ಬಡಿಯುವಂತೆ ಬಂತು. ಮೈ ಜುಂ ಎಂದಿತು. ಗಂಟೆಗೆ ಕಾದೆ.

ಗಂಟೆ ಬರಲಿಲ್ಲ.

ಆ ಗುಂಯ್ ತನ್ನ ಪಾಡಿಗೆ ತಾನು ಸಾಗುತ್ತಿತ್ತು, ಮೇಲೆ ಏನೂ ಇರಲಿಲ್ಲ. ಮತ್ತೆ ಹೊರಗೆ ಹೋಗಿ ಮತ್ತೆ ಒಳಗೆ ಬಂದೆ. ಇಲ್ಲ. ವಾದ್ಯಗಳ ದನಿ ತುಂಬಿರುವ ಚಿಪ್ಪಿನಲ್ಲಿ ಗಂಟೆ ಇರುವ ಭಾಗ ಸತ್ತಿರಬೇಕು ಎಂದುಕೊಂಡೆ. ಕಾರ್ಡು ಬಿಚ್ಚಿ, ಅದರ ಚಿನ್ನದ ಬಣ್ಣದ ಕಾಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದೆ. ಸ್ಲಾಟ್ ಬದಲಿಸಿದೆ. ವೈರ್ ಬದಲಿಸಿದೆ. ಸ್ಪೀಕರ್ ಬದಲಿಸಿದೆ. ಮುಂದಿನ ಭಾನುವಾರವೂ ಇದೇ. ಕೊಯಮತ್ತೂರಿಗೆ ಫೋನ್ ಮಾಡಿದೆ.

“ಸಾರ್, ಕಾರ್ಡ್ ನಲ್ಲಾ ಇರುಕ್ಕು ಸಾರ್. ನಾನು ಎಲ್ಲಾ ವಾದ್ಯ ಕೇಳಿ ನೋಡೇ ಕಳಿಸಿದ್ದು” ಎಂದರು ಅವರು, ಅರ್ಧ ತಮಿಳು ಅರ್ಧ ಕನ್ನಡದಲ್ಲಿ.

ಮೋಸ ಮಾಡುವವರೆಲ್ಲ ಹೀಗೇ ಹೇಳುವುದು ಎಂದೆ. ಇನ್ನೂ ಏನೇನೋ ಅಂದೆ. ಆ ಮನುಷ್ಯ, ಇನ್ನೊಂದು ಕಾರ್ಡು ಕಳಿಸುತ್ತೇನೆ, ಹಳೆಯದನ್ನು ವಾಪಸ್ ಕಳಿಸುವುದೂ ಬೇಡ ಎಂದರು. ಕಳಿಸಿಯೂ ಬಿಟ್ಟರು. ಅದನ್ನು ಹಾಕಿದೆ. ಗುಂಯ್ ಬಂತು. ಗಂಟೆ ಬರಲಿಲ್ಲ. ಇವನೂ ಮಂಕು ಕಾರ್ಡುಗಳನ್ನೇ ಮಾರುವವನು ಎಂದು ಹಲ್ಲು ಕಡಿದೆ. ಮಂಕು ಎಂಬ ಮಾತು ಬಾಯಿಗೆ ಬಂದರೂ ನನಗೆ ಏನೂ ಹೊಳೆಯಲಿಲ್ಲ.

ಅವತ್ತು ಆಟವನ್ನು ಆ ಹಜಾರದಲ್ಲೇ ನಿಲ್ಲಿಸಿ, ಸಂಗೀತ ತನ್ನಷ್ಟಕ್ಕೆ ಓಡಲು ಬಿಟ್ಟು, ಡಬ್ಬದ ಹಿಂಭಾಗದ ವೈರುಗಳನ್ನು ಅಲ್ಲಾಡಿಸುತ್ತಾ ಕೂತಿದ್ದೆ. ಹೆಂಡತಿ ಹೊಲಿಯುತ್ತಿದ್ದಳು. ಮೆಷಿನ್ ನಿಲ್ಲಿಸಿ ತಿರುಗಿದಳು.

“ಏನ್ರೀ, ಆ ಕಿಣಿಕಿಣಿ ಒಸಿ ನಿಲ್ಸಿ ಅತ್ಲಾಗೆ. ಆಗ್ಲಿಂದ ತಲೆ ಚಿಟ್ ಇಡೀತಾ ಅದೆ.”

“ಯಾವ್ ಕಿಣಿಕಿಣಿ?”

“ಅದೇ, ಗಂಟೆ ಅಲ್ಲಾಡುಸ್ದಂಗೆ ಬತ್ತಾ ಅದಲ್ಲ. ಓದ್ ವಾರಾನೂ ಇದೇ ಕತೆ. ನಿಮ್ಗೆ ಸಾಕಾಗಲ್ವಾ?”

ನಿನಗೆ ಭ್ರಮೆ ಎಂದೆ. ಹೊರಗೆ ಯಾವುದೋ ಹಸುವಿನ ಕೊರಳ ಗಂಟೆ ಇರಬೇಕು ಎಂದೆ. ಅವಳು ಎದ್ದು ಬಂದು ಸ್ಪೀಕರನ್ನು ಬೆರಳಿನಿಂದ ತಟ್ಟಿ “ಇದ್ರೊಳ್ಗೆ ಅಸ ಕಟ್ಟಿದ್ದೀರಾ?” ಎಂದಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ಏನು ಮಾಡಬೇಕೆಂದು ಅವಳಿಗೇ ಹೊಳೆಯಿತು. ಕಂಪ್ಯೂಟರಿಗೆ ಬೆನ್ನು ಮಾಡಿ ನಿಂತು, ಗಂಟೆ ಕೇಳಿದಾಗಲೆಲ್ಲ ಒಂದು ಬೆರಳು ಎತ್ತುತ್ತೇನೆ ಎಂದಳು. ನಾನು ಕುರ್ಚಿಯಲ್ಲಿ ಕೂತು ಅವಳ ಬಲಗೈಯನ್ನೇ ನೋಡಿದೆ. ಬೆರಳು ಎದ್ದಿತು, ಇಳಿಯಿತು. ಸ್ವಲ್ಪ ಬಿಟ್ಟು ಮತ್ತೆ ಎದ್ದಿತು. ಎರಡು ಸಲ ಬೇಗ ಬೇಗ. ಒಂದು ನಿಧಾನಕ್ಕೆ. ಆ ರಾಗ ನನಗೆ ಬಾಯಿಪಾಠ, ಇಪ್ಪತ್ತೈದು ವರ್ಷ ತಲೆಯೊಳಗೆ ಗುನುಗಿದ್ದು. ಎಲ್ಲೆಲ್ಲಿ ಗಂಟೆ ಬರಬೇಕೋ ಅಲ್ಲಲ್ಲಿ, ಒಂದೂ ತಪ್ಪದೆ, ಕುದೇರಿನ ಈ ಹೆಂಗಸಿನ ಬೆರಳು ಏಳುತ್ತಿತ್ತು. ಅವಳು ಆ ರಾಗವನ್ನು ಮುಂಚೆ ಕಲಿತವಳಲ್ಲ. ನನ್ನ ಕಿವಿಗೆ ಮಾತ್ರ ಆ ಗುಂಯ್ ಬಿಟ್ಟು ಬೇರೇನೂ ಇಲ್ಲ.

ನನಗೆ ಹೆದರಿಕೆಯಾಯಿತು. ಕಾರ್ಡು ಸರಿ ಇತ್ತು. ಮೊದಲು ಕಳಿಸಿದ್ದೂ ಸರಿ ಇತ್ತು, ಆಮೇಲೆ ಕಳಿಸಿದ್ದೂ ಸರಿ ಇತ್ತು. ಅವಳು ತಿರುಗಿ ನೋಡಿ, “ನಿಮ್ಗೆ ಒಂದೂ ಕೇಳುಸ್ನಿಲ್ವಾ?” ಎಂದಳು. ಇಲ್ಲ ಎಂದೆ. ಅವಳು ಬಂದು ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಹಗಲು ಹೊತ್ತಿನಲ್ಲಿ ಅವಳು ಹಾಗೆ ಮಾಡಿದವಳಲ್ಲ. ನನಗೆ ಅಳು ಬಂತು.

ಆ ಗಂಟೆಗಳಿಗಾಗಿ ಅಳುತ್ತಿದ್ದೇನೆ ಎಂದು ಅವಳು ತಿಳಿದಳು. ಅದೂ ಇತ್ತು. ಆದರೆ ಅಳುತ್ತಾ ನನ್ನ ಕಣ್ಣ ಮುಂದೆ ಬಂದದ್ದು ಫ್ಯಾಕ್ಟರಿಯ ಅಂಗಳದಲ್ಲಿ ಬಿದ್ದಿದ್ದ ಆ ಮೂರನೇ ಕಲ್ಲು. ಕಲ್ಲು ಒಳ್ಳೆಯದು ಎಂದು ಹೇಳುವುದು ಅದರ ದಪ್ಪ ದನಿಯಲ್ಲ, ಮೇಲೆ ತೇಲುವ ಆ ಸಣ್ಣ ಕಂಚಿನ ದನಿ. ಅದೇ ನನಗೆ ಕೇಳುವುದಿಲ್ಲ ಎಂದಾದರೆ ನನಗೆ ಒಳ್ಳೆಯ ಕಲ್ಲೂ ಮಂಕೇ. ಹಾಗಾದರೆ ಯಜಮಾನರು ತಂದದ್ದು ಎಂಥ ಕಲ್ಲು? ನಾನು ಅಷ್ಟು ಜನರ ಮುಂದೆ ಏನು ಹೇಳಿದೆ?

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಫ್ಯಾಕ್ಟರಿಗೆ ಹೋದೆ. ಕಲ್ಲಿನ ಬಿರುಕು ಕಂಡುಹಿಡಿಯಲು ಕಿವಿ ಬೇಡದ ಇನ್ನೊಂದು ದಾರಿ ಇದೆ. ಕಲ್ಲಿನ ಮೇಲೆ ನೀರು ಹುಯ್ದು ಆರಲು ಬಿಡಬೇಕು. ಮೈಯೆಲ್ಲ ಆರಿದ ಮೇಲೂ ಬಿರುಕಿನೊಳಗೆ ನೀರು ಉಳಿದು ಅಲ್ಲೊಂದು ಕಪ್ಪು ಗೆರೆ ಕಾಣುತ್ತದೆ. ನಿಧಾನದ ಕೆಲಸ, ಕಿವಿ ಇಲ್ಲದವರ ಕೆಲಸ ಎಂದು ನಾನೇ ಅದನ್ನು ಹೀಗಳೆಯುತ್ತಿದ್ದೆ. ಆ ದಿಮ್ಮಿಯ ಮೇಲೆ ಬಕೆಟ್ಟುಗಟ್ಟಲೆ ನೀರು ಹುಯ್ದು ಸುತ್ತ ನಡೆದೆ. ಬಿಸಿಲು ಏರಿತು. ಒಂದು ಕಡೆ ಆರಿತು, ಇನ್ನೊಂದು ಕಡೆ ಆರಿತು. ಗೆರೆ ಕಾಣಲಿ, ಎಲ್ಲಾದರೂ ಒಂದು ಗೆರೆ ಕಾಣಲಿ ಎಂದು ಬೇಡಿಕೊಂಡೆ. ಒಬ್ಬ ಮನುಷ್ಯ ಮೋಸಗಾರನಾಗಿರಲಿ ಎಂದು ಬೇಡಿಕೊಂಡ ಹಾಗೆ ಅದು. ನಾಚಿಕೆಗೇಡು, ಆದರೆ ಬೇಡಿಕೊಂಡದ್ದು ನಿಜ. ಕಲ್ಲು ಪೂರ್ತಿ ಆರಿತು. ಒಂದು ಕೂದಲೆಳೆಯಷ್ಟು ಗೆರೆಯೂ ಇರಲಿಲ್ಲ.

ಆ ವಾರವೆಲ್ಲ ನಾನು ಸುತ್ತಿಗೆ ಹಿಡಿದು ನಾಟಕ ಆಡಿದೆ. ಬಡಿದು, ಕೇಳಿದವನಂತೆ ತಲೆ ಆಡಿಸಿ, ಆಮೇಲೆ ಯಾರೂ ನೋಡದಾಗ ನೀರು ಹುಯ್ದು ನೋಡಿ ಹೇಳುತ್ತಿದ್ದೆ. ಹೀಗೆಯೇ ಕಾಲ ತಳ್ಳಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಕೆಲಸ ಹೋದರೆ ನನಗೆ ಬೇರೆ ಕೆಲಸ ಬರುವುದಿಲ್ಲ, ಕಿವಿ ಎಂಬ ಹೆಸರು ಬಿಟ್ಟರೆ ಫ್ಯಾಕ್ಟರಿಯಲ್ಲಿ ನಾನು ಏನೂ ಅಲ್ಲ. ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಗುಂಡಿ ಹಾಕುತ್ತಿದ್ದವಳು ತಲೆ ಎತ್ತದೆ, “ಆ ವಯ್ಯನ್ ಮನೆಗ್ ಓಗ್ಬನ್ನಿ” ಎಂದಳು. ಅಷ್ಟೇ ಹೇಳಿದ್ದು.

ಭಾನುವಾರ ಬಸ್ಸು ಹಿಡಿದು ಬೇಗೂರಿನಲ್ಲಿ ಇಳಿದು ಅವರ ಮನೆಗೆ ಹೋದೆ. ಯಜಮಾನರು ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ನೋಡಿ ಆಶ್ಚರ್ಯವೇನೂ ಪಡಲಿಲ್ಲ. ಪಕ್ಕದಲ್ಲಿ ಕೂರಲು ಜಾಗ ಮಾಡಿದರು. ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟು ಒಳಗೆ ಹೋದರು. ಹೇಗೆ ಶುರು ಮಾಡಬೇಕೆಂದು ಬಸ್ಸಿನಲ್ಲಿ ಯೋಚಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು.

“ನಿಮ್ ಕಲ್ಲು ಸರ್ಯಾಗದೆ ಯಜಮಾನ್ರೇ. ನನ್ ಕಿವೀನೇ ಓಗ್ಬುಟ್ಟದೆ” ಎಂದೆ.

ಅವರು ಒಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದರು. “ಗೊತ್ತು ಕಣಪ್ಪ” ಎಂದರು.

“ಕಲ್ಲ್ ಸರಿ ಅದೆ ಅನ್ನದಾ?”

“ಅದೂ ಗೊತ್ತು. ಇದೂ ಗೊತ್ತು.”

ನನಗೆ ಅರ್ಥವಾಗಲಿಲ್ಲ. ಅವರು ಕಾಯಿ ಬಿಡಿಸುವುದನ್ನು ನಿಲ್ಲಿಸಿ, ಎಡಗಿವಿ ನನ್ನ ಕಡೆಗೆ ಬರುವಂತೆ ತಿರುಗಿ ಕೂತರು. ಬಲಗಿವಿ ಕ್ವಾರಿಯ ಸಿಡಿಮದ್ದಿಗೆ ಯಾವಾಗಲೋ ಹೋಗಿದೆಯಂತೆ. ಇಷ್ಟು ವರ್ಷ ಒಡನಾಡಿಯೂ ನನಗೆ ಅದು ಗೊತ್ತಿರಲಿಲ್ಲ; ನಾನು ಅವರ ಕಲ್ಲಿನ ಮಾತು ಕೇಳಿದ್ದೆನೇ ಹೊರತು ಅವರ ಮಾತು ಕೇಳಿರಲಿಲ್ಲ.

“ಓದ್ ವರ್ಸ ನಿಮ್ ಅಂಗಳದಲ್ಲಿ ಲಾರಿ ಇಂದಕ್ ಬತ್ತಿತ್ತು. ಕೀಂ ಕೀಂ ಅಂತ ಬಡ್ಕತಿತ್ತು. ನೀನು ಅದ್ಕೆ ಬೆನ್ನಾಕಂಡು ನಿಂತಿದ್ದೆ. ಅಲ್ಲಾಡ್ನೇ ಇಲ್ಲ. ನಾನೇ ರಟ್ಟೆ ಇಡ್ದು ಎಳ್ದೆ. ಯಾಕ್ ಎಳೀತೀರಿ ಅಂತ ನನ್ನೇ ಬಯ್ದೆ ನೀನು. ಅವತ್ತೇ ಗೊತ್ತಾಯ್ತು, ಇವ್ನ್ ಕಿವಿ ನನ್ ದಾರಿ ಇಡೀತು ಅಂತ.”

“ಮತ್ತೆ ಅವತ್ತು ನಾನು ಅಷ್ಟ್ ಬಯ್ದಾಗ ಯಾಕ್ ಸುಮ್ಕಿದ್ರಿ? ಇವ್ನ್ ಕಿವಿ ಸರಿ ಇಲ್ಲ ಅಂದಿದ್ರೆ ಮುಗೀತಿತ್ತಲ್ಲ!” ನಾನು ಬೈದದ್ದಕ್ಕೆ ಈಗ ಅವರ ಮೇಲೇ ರೇಗುತ್ತಿದ್ದೆ. ನನ್ನ ಬುದ್ಧಿ ಅಂಥದ್ದು.

“ಅಷ್ಟ್ ಜನದ್ ಮುಂದೆ ಅಂದಿದ್ರೆ ಸಂಜೆ ಒತ್ಗೆ ನಿನ್ ಕೆಲ್ಸ ಓಗ್ತಿತ್ತು. ನನ್ ಕಲ್ಲು ಓದ್ರೆ ಇನ್ನೊಂದ್ ಕಲ್ಲು ಎಬ್ಬುಸ್ತಿನಿ. ನೀನ್ ಎಲ್ಗ್ ಓಗೀಯೆ?”

ಅವರ ಪಕ್ಕದಲ್ಲಿದ್ದ ಕಾಯಿಗಳನ್ನು ತೆಗೆದುಕೊಂಡು ಬಿಡಿಸತೊಡಗಿದೆ. ನನ್ನ ಕಣ್ಣೀರು ಕಾಳಿನ ಮೇಲೆ ಬೀಳುತ್ತಿತ್ತು, ಅವರು ನೋಡದ ಹಾಗೆ ಇದ್ದರು. ಅವರ ಹೆಸರು ಕೆಟ್ಟಿತ್ತು, ಅವರ ಲಾರಿ ಗೇಟಿನಿಂದ ಗೇಟಿಗೆ ಅಲೆದಿತ್ತು, ಅದೆಲ್ಲ ನನ್ನ ಕೆಲಸ ಉಳಿಯಲಿ ಎಂದು. ನಾನು ಮಾತ್ರ ಅವರನ್ನು ಮೋಸಗಾರ ಎಂದು ನಂಬಿಕೊಂಡು ಮನೆಯಲ್ಲಿ ಆಟ ಆಡುತ್ತಿದ್ದೆ. ಬದುಕಿನಲ್ಲಿ ಅಷ್ಟು ಸಣ್ಣವನಾದ ಹೊತ್ತು ನನಗೆ ಇನ್ನೊಂದು ನೆನಪಿಲ್ಲ.

ಕೊನೆಗೆ, ನಾಳೆ ಫ್ಯಾಕ್ಟರಿಗೆ ಬನ್ನಿ, ಅದೇ ಜನರ ಮುಂದೆ ತಪ್ಪು ನನ್ನದು ಎಂದು ಹೇಳುತ್ತೇನೆ ಎಂದೆ.

“ನಾನ್ ಬರಲ್ಲ. ನನ್ ಮುಂದೆ ನೀನ್ ತಲೆ ತಗ್ಸದ ನೋಡಕ್ಕೆ ನಂಗ್ ಆಗಲ್ಲ” ಎಂದರು. “ಏಳ್ಬೇಕು ಅಂತ ಏನ್ ಇಲ್ಲ. ನೀರ್ ಉಯ್ದು ನೋಡ್ಕಂಡು ಅಂಗೇ ನಡ್ಸ್ಕಂಡ್ ಓಗು.”

ಅವರು ಬಾಗಿಲು ತೆರೆದೇ ಇಟ್ಟಿದ್ದರು. ಹಾಗೆ ನಡೆಸಿಕೊಂಡು ಹೋಗಲು ನನಗೆ ಎಷ್ಟು ಆಸೆಯಿತ್ತೆಂದು ಹೇಳಿದರೆ ನೀವು ನನ್ನನ್ನು ಮೆಚ್ಚುವುದಿಲ್ಲ. ಚಾಮರಾಜನಗರಕ್ಕೆ ಬರುವ ದಾರಿಯುದ್ದಕ್ಕೂ, ಹೇಳದಿದ್ದರೇನು ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಮನೆಗೆ ಬಂದ ಮೇಲೆ ಕೊಯಮತ್ತೂರಿನವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ದೂರದವರಲ್ಲಿ ಕೇಳುವುದು ಸುಲಭ. ಪರವಾಗಿಲ್ಲ ಸಾರ್, ಎರಡು ಕಾರ್ಡೂ ನಿಮ್ಮಲ್ಲೇ ಇರಲಿ ಎಂದರು ಆ ಮನುಷ್ಯ.

ಸೋಮವಾರ ಟೀ ಹೊತ್ತಿಗೆ ಹೆಚ್ಚಿನವರು ಅಂಗಳದಲ್ಲಿದ್ದರು. ಲೋಡಿಂಗಿನವರು ಲೋಟ ಹಿಡಿದು ಆ ದಿಮ್ಮಿಯ ನೆರಳಿನಲ್ಲೇ ಕೂತಿದ್ದರು. ಕ್ರೇನಿನವನು ಟೀಯನ್ನು ಮೇಲಕ್ಕೇ ತರಿಸಿಕೊಂಡಿದ್ದ. ನಾನು ಮ್ಯಾನೇಜರನ್ನು ಕರೆದು ತಂದೆ, ಪಾಲಿಶ್ ಮೆಷಿನ್ ನಿಲ್ಲಿಸಲು ಹೇಳಿದೆ. ಯಾರಿಗೋ ಏಟಾಗಿದೆ ಎಂದುಕೊಂಡು ಒಳಗಿನವರೂ ಹೊರಗೆ ಬಂದರು. “ಈ ಕಲ್ಲಲ್ಲಿ ಬಿರ್ಕಿಲ್ಲ. ಅವ್ರ ಯಾವ್ ಕಲ್ಲಲ್ಲೂ ಇರ್ನಿಲ್ಲ. ನಂಗೆ ಕಿವಿ ಕೇಳುಸ್ದೆ ಅವ್ರನ್ನ ಕಳ್ಳ ಅಂದ್ಬುಟ್ಟೆ” ಎಂದೆ. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು.

ಕ್ರೇನಿನವನು ಮೇಲಿಂದ ಬಗ್ಗಿ, “ಏನಂದ್ರಣ್ಣ? ಕೇಳುಸ್ನಿಲ್ಲ” ಎಂದು ಕೂಗಿದ. ನಾನು ತಲೆ ಎತ್ತಿ ಇನ್ನೊಂದು ಸಲ, ಇನ್ನೂ ಜೋರಾಗಿ ಹೇಳಿದೆ.